ಬಿಡಾರಗುಡ್ಡೆಯ ಚಿಲಕ

ನಮ್ಮ ಹೊಳೆ ಕಡಲು ಸೇರುವ ಮೊದಲು ಎಡಕ್ಕೆ ತಿರುಗುವಲ್ಲಿ ಒಂದು ಗುಡ್ಡೆಯಿದೆ, ಅದರ ನೆತ್ತಿಯ ಮೇಲೆ ಪುಟ್ಟ ಇಗರ್ಜಿ. ಬರೋಕ್ ಶೈಲಿಯದು ಎಂದು ಫಲಕ ಹಾಕಿದ್ದಾರೆ. ಅದೇನೋ ನನಗೆ ತಿಳಿಯದು, ನಾನು ಓದಿದ್ದು ಎರಡನೇ ಕ್ಲಾಸು. ಕಂಬಗಳು ಹಿಂಡಿದ ಸೀರೆಯಂತೆ ತಿರುಚಿಕೊಂಡಿವೆ, ದೇವದೂತರ ಕೆನ್ನೆಗಳು ಗುರ್ಕಾರರ, ಅಂದರೆ ಊರ ಕ್ರೈಸ್ತರ ಮುಖ್ಯಸ್ಥರ, ಮನೆಯ ಮಕ್ಕಳ ಕೆನ್ನೆಯಂತೆ ಉಬ್ಬಿವೆ. ಪೀಠದ ಹಿಂದಿನ ಸಣ್ಣ ಕೋಣೆಯಲ್ಲಿ ಮೆಲ್ಕಿಯೋರ್ ಪಾದ್ರಿಗಳ ಸಮಾಧಿ. ರೋಮಿನವರು ಅವರನ್ನು ಸಂತರೆಂದು ಇನ್ನೂ ಒಪ್ಪಿಲ್ಲ. ನಾವು ಕೇಳಲೂ ಹೋಗಿಲ್ಲ. ಪಾದ್ರಿಗಳು ಇಲ್ಲೇ ಬಿಡಾರ ಬಯಸಿದ್ದರಿಂದ ಬಿಡಾರಗುಡ್ಡೆ ಎಂದು ಹೆಸರಾಯಿತು ಎನ್ನುತ್ತಾರೆ. ಎನ್ನುವವರು ಯಾರು? ಗುರ್ಕಾರರ ಮನೆಯವರು. ನನ್ನ ಅಜ್ಜಿ ಹೇಳಿದ್ದು ಬೇರೆ.

ಹಿಂದೆ ಒಮ್ಮೆ ಊರಿಗೆ ಕೆಟ್ಟ ಜ್ವರ ಬಂತು. ಪರದೇಶದ ಈ ಪಾದ್ರಿಗಳು ಹಣೆ ಮುಟ್ಟಿದರೆ ಜ್ವರ ಇಳಿಯುತ್ತಿತ್ತಂತೆ. ಬಸ್ತ್ಯಾಂವ್ ಎಂಬವನು ಆಗಿನ ಗುರ್ಕಾರ. ಗುಡ್ಡೆಯ ಮೇಲಿದ್ದ ತನ್ನ ಭತ್ತದ ಕೋಣೆಯಲ್ಲಿ ಅವರನ್ನು ಇಳಿಸಿ, ಜ್ವರ ಬಂದ ಮಗಳು ನತಾಲಳನ್ನೂ ಅಲ್ಲೇ ಕಿಟಕಿಯ ಹೊರಗೆ ಮಲಗಿಸಿದ. ಅಷ್ಟರಲ್ಲಿ ಆಚೆ ದಡದಿಂದ ದೋಣಿ ಬಂತು. ಅಲ್ಲಿ ದಿನಕ್ಕೆ ನಾಲ್ಕು ಹೆಣ ಬೀಳುತ್ತಿದ್ದವು. ಪಾದ್ರಿಗಳು ಚೀಲ ಹೆಗಲಿಗೇರಿಸಿದರು. "ಮಗಳು ಏಳಲಿ ಸ್ವಾಮಿ, ಆಮೇಲೆ ನಾನೇ ದಾಟಿಸುತ್ತೇನೆ" ಎಂದ ಗುರ್ಕಾರ ಚಿಲಕ ಹಾಕಿದ. ಭತ್ತದ ಕೋಣೆಯಲ್ಲವೇ, ಚಿಲಕ ಇದ್ದದ್ದೇ ಹೊರಗೆ.

ಮೂರನೆಯ ದಿನ ನತಾಲ ಎದ್ದು ಗಂಜಿ ಕೇಳಿದಳು. ಅಷ್ಟು ಹೊತ್ತಿಗೆ ಅಂಗಳದ ತುಂಬ ಚಾಪೆ, ಚಾಪೆಯ ತುಂಬ ರೋಗಿಗಳು. ಗುರ್ಕಾರನ ಕೈ ಚಿಲಕಕ್ಕೆ ಹೋದದ್ದೇ ತಡ, ನೆರೆಮನೆಯ ಕಾರ್ಮಿನ್ ಅಡ್ಡ ನಿಂತಳು. ಗಂಡನಿಗೆ ಜ್ವರವೆಂದು ಅಳುತ್ತಿದ್ದಳು. ಆ ಗಂಡನನ್ನೇ ಹಿಂದಿನ ತಿಂಗಳು ಪೊರಕೆ ಹಿಡಿದು ಬೀದಿಯುದ್ದಕ್ಕೂ ಅಟ್ಟಿದ್ದಳು, ಅದು ಬೇರೆ ಮಾತು.

"ನಿಮ್ಮ ಮಗಳು ಎದ್ದಳು, ಈಗ ನಿಮಗೆ ಧರ್ಮ ನೆನಪಾಯಿತೋ ಗುರ್ಕಾರರೇ? ಆಚೆಯವರು ಇವರನ್ನು ವಾಪಸ್ ಕಳಿಸುತ್ತಾರಾ? ನೀವು ಕಳಿಸಿದಿರಾ?"

ಗುರ್ಕಾರ ಚಿಲಕದಿಂದ ಕೈ ತೆಗೆದ. ಪಾದ್ರಿಗಳು ಕಿಟಕಿಯ ಸರಳಿನ ನಡುವೆ ಕೈ ಚಾಚಿ ಒಬ್ಬೊಬ್ಬರ ಹಣೆ ಮುಟ್ಟಿದರು. ಮುಟ್ಟುವಾಗಲೆಲ್ಲ "ಬಿಡಿರಾ? ಬಿಡಿರಾ?" ಎಂದು ಕೇಳಿದರು. ಪರದೇಶದ ನಾಲಗೆ, 'ಬಿಡುವಿರಾ' ಎನ್ನಲು ಬಾರದು. ಕೆಳಗೆ ದೋಣಿ ಕಾದೂ ಕಾದೂ ಖಾಲಿಯಾಗಿಯೇ ಹಿಂದಿರುಗಿತು. ಒಂಬತ್ತನೆಯ ದಿನ ಕಿಟಕಿಯಲ್ಲಿ ಕೈ ಕಾಣಲಿಲ್ಲ.

ಪಾದ್ರಿಗಳನ್ನು ಸತ್ತ ಜಾಗದಲ್ಲೇ ಹೂಳಿದರು. ಪಾದ್ರಿಗಳ ಮೇಲಿನವರು ವಿಚಾರಣೆಗೆ ಬಂದು, ಕೊನೆಯ ಮಾತೇನೆಂದು ಕೇಳಿದರು. ಗುರ್ಕಾರ ಬೆವರು ಒರೆಸಿಕೊಂಡ. "ಬಿಡಾರ, ಬಿಡಾರ ಎಂದರು ಸ್ವಾಮಿ. ಇಲ್ಲೇ ಇರುತ್ತೇನೆ ಅಂತ." ಊರೆಲ್ಲ ಹೂಂಗುಟ್ಟಿತು, ಕಾರ್ಮಿನ್ ಎಲ್ಲರಿಗಿಂತ ಜೋರಾಗಿ. ಅವಳು ನಮ್ಮ ಮನೆಯವಳೇ, ಮುಚ್ಚಿಡುವುದೇನು. ಆಮೇಲೆ ಗುರ್ಕಾರ ಗೋವೆಯಿಂದ ಕೆಲಸಗಾರರನ್ನು ಕರೆಸಿ, ಭತ್ತದ ಕೋಣೆಯನ್ನು ಹಾಗೇ ಉಳಿಸಿ, ಅದರ ಮುಂದೆ ಇಗರ್ಜಿ ಕಟ್ಟಿಸಿದ. ಅಷ್ಟೊಂದು ಸುರುಳಿ, ಅಷ್ಟೊಂದು ಹೂಬಳ್ಳಿ ಸುಮ್ಮನೆ ಬರುತ್ತದೆಯೇ? ಎದೆ ಕುಟುಕುತ್ತಿತ್ತು ಅವನಿಗೆ.

ನೀವು ಬಂದರೆ ನೋಡಿ, ಆ ಕೋಣೆಯ ಚಿಲಕ ಇಂದಿಗೂ ಹೊರಗೇ ಇದೆ, ಮುಟ್ಟಿ ಮುಟ್ಟಿ ಹೊಳೆಯುತ್ತದೆ. ಹಬ್ಬದ ಬೆಳಿಗ್ಗೆ ಒಂದು ಜಪಸರ ಮುಗಿಯುವಷ್ಟು ಹೊತ್ತು ಬಾಗಿಲು ತೆರೆಯುತ್ತಾರೆ. ಆಗ ನಾವು ಊರವರು ಹೊಸ್ತಿಲ ಮುಂದೆ ಹೆಗಲಿಗೆ ಹೆಗಲು ತಾಗಿಸಿ ಸಾಲುಗಟ್ಟುತ್ತೇವೆ. ಆಚೆ ದಡದವರು ಬಂದರೆ ನಮ್ಮ ಹಿಂದೆಯೇ ನಿಲ್ಲಬೇಕು. ಅದು ಗೌರವ ಎನ್ನುತ್ತಾರೆ. ನನಗೆ ನಿಜ ಗೊತ್ತು, ಇದೂ ಕಾರ್ಮಿನ್ ನಿಂತಂತೆ ಅಡ್ಡ ನಿಲ್ಲುವುದೇ. ಮಂಡಿ ನೋಯುತ್ತದೆ, ಒಳಗಿನಿಂದ ತಣ್ಣನೆ ಗಾಳಿ ಬಂದು ಮುಖಕ್ಕೆ ತಾಗುತ್ತದೆ. ಆದರೂ ಇಷ್ಟು ವರ್ಷದಲ್ಲಿ ನಾನೂ ಒಮ್ಮೆಯೂ ಸರಿದು ದಾರಿ ಬಿಟ್ಟವಳಲ್ಲ.