ನಾಳೆ ಬಾ ಅಂದ ಪುಟ್ಮಾದ

ಒಂದೂರಲ್ಲಿ ಊದುಬತ್ತಿ ಹೊಸೆಯುವವರ ಬೀದಿ. ಬೀದಿಯ ಕೊನೇ ಮನೆಯಲ್ಲಿ ದೇವೀರಮ್ಮ, ಅವಳ ಮಗ ಪುಟ್ಮಾದ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಊದುಬತ್ತಿ ಬಿಸಿಲಿಗೆ ಇಡ್ಲಾ ಅಂದರೆ ಇಡುತ್ತಿದ್ದ. ಮಳೆ ಬಂದರೆ ಎತ್ತು ಅಂತ ಯಾರೂ ಹೇಳಿಲ್ಲವಲ್ಲ! ಊದುಬತ್ತಿ ನೆನೆಯುತ್ತಿತ್ತು, ಪಕ್ಕದಲ್ಲಿ ನಿಂತು ಇವನೂ ನೆನೆಯುತ್ತಿದ್ದ.

"ನಾನು ಸತ್ರೆ ನಿನ್ನ ಯಾರ್ಲಾ ನೋಡ್ಕತಾರೆ?" ಅಂತ ದೇವೀರಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಸಾಯ್ಬೇಡ ಕಣವ್ವ," ಅನ್ನುತ್ತಿದ್ದ ಇವನು. ಅವನಿಗೆ ಅದು ಅಷ್ಟೇ ಸುಲಭ.

ಆ ದೇವೀರಮ್ಮನಿಗೆ ರಕ್ತದ ಕ್ಯಾನ್ಸರ್ ಬಂತು. ದೊಡ್ಡಾಸ್ಪತ್ರೆಯಲ್ಲಿ ಔಷಧಿ ಕೊಟ್ಟರು, ಹೋಯಿತು. ವರ್ಷ ತುಂಬುವುದರೊಳಗೆ ತಿರುಗಿ ಬಂತು. ಡಾಕ್ಟರು ಕೂರಿಸಿಕೊಂಡು ಹೇಳಿದರು: "ತಿರುಗಿ ಬಂದಿದ್ದು ಹಳೇ ಔಷಧಿಗೆ ಸುಲಭವಾಗಿ ಬಗ್ಗಲ್ಲಮ್ಮ. ಹೊಸ ಮಾತ್ರೆ ಒಂದಿದೆ, ಇನ್ನೂ ಪರೀಕ್ಷೆ ನಡೀತಿದೆ. ಅರ್ಧ ಜನಕ್ಕೆ ಹೊಸದು, ಅರ್ಧ ಜನಕ್ಕೆ ಹಳೇದು. ನೋಡೋಕೆ ಎರಡೂ ಒಂದೇ ಥರ. ಗುಣ ಆಗಬಹುದು, ಆಗದೇನೂ ಇರಬಹುದು. ಬಲವಂತ ಇಲ್ಲ."

ದೇವೀರಮ್ಮ ಮಗನ ಮುಖ ನೋಡಿದಳು. "ಸೇರ್ಕತೀನಿ ಸ್ವಾಮಿ. ಇವನಿಗೋಸ್ಕರ ನಾನು ಬದುಕ್ಬೇಕು."

ಡಾಕ್ಟರು ಪುಟ್ಮಾದನಿಗೂ ಹೇಳಿದರು: "ನೋಡಪ್ಪಾ, ಯಾರಿಗೆ ಯಾವ ಮಾತ್ರೆ ಅಂತ ಯಾರಿಗೂ ಗೊತ್ತಾಗಬಾರದು. ನನಗೂ ಗೊತ್ತಾಗಬಾರದು, ನಿನಗೂ ಗೊತ್ತಾಗಬಾರದು. ತಿಳೀತಾ?"

"ತಿಳೀತು!"

ಹೊರಗೆ ಬೆಂಚಿನ ಮೇಲೆ ಅದೇ ಪರೀಕ್ಷೆಗೆ ಸೇರಿದ ಮುದುಕರೊಬ್ಬರು ತೂಕಡಿಸುತ್ತಿದ್ದರು. ಪಕ್ಕದಲ್ಲಿ ಅವರ ಮಾತ್ರೆ ಡಬ್ಬಿ. ಪುಟ್ಮಾದ ಆ ಡಬ್ಬಿ, ಅವ್ವನ ಡಬ್ಬಿ ಎರಡನ್ನೂ ಟವೆಲ್ ಮೇಲೆ ಸುರಿದ. ಕಡಲೆಪುರಿ ಕಲಸಿದ ಹಾಗೆ ಕಲಸಿದ. ತಿರುಗಿ ತುಂಬಿದ. "ಈಗ ದೇವ್ರಿಗೂ ಗೊತ್ತಾಗಕಿಲ್ಲ!"

ನರ್ಸಮ್ಮ ನೋಡಿ ತಲೆ ಮೇಲೆ ಕೈ ಹೊತ್ತಳು. ಎರಡೂ ಡಬ್ಬಿ ಕಸಿದುಕೊಂಡು ಬೇರೆ ಕೊಟ್ಟಳು. "ಅಯ್ಯೋ ಪೆದ್ದೇ! ನಿಮ್ಮವ್ವಂದು ನಿಮ್ಮವ್ವನಿಗೆ ಮಾತ್ರ! ಬೇರೆಯವರದ್ದು ಏನೂ ಅವರ ಬಾಯಿಗೆ ಹೋಗಕೂಡದು! ಏನೂ!"

"ಏನೂ ಹೋಗಕಿಲ್ಲ!" ಅಂದ ಪುಟ್ಮಾದ.

ಮಾತ್ರೆ ಶುರುವಾಯಿತು, ವಾಂತಿಯೂ ಶುರುವಾಯಿತು. ದೇವೀರಮ್ಮನಿಗೆ ಒಲೆ ಮುಂದೆ ಕೂರುವ ಶಕ್ತಿ ಇಲ್ಲ. ಪಕ್ಕದ ಮನೆ ಬೋರಮ್ಮತ್ತೆ ರಾಗಿ ಗಂಜಿ ತಂದಳು. ಇವನು ಚರಂಡಿಗೆ ಸುರಿದ. ಸಂಜೆ ಅನ್ನ ತಂದಳು. ಅದನ್ನೂ ಸುರಿದ.

"ಯಾಕ್ಲಾ ಸುರೀತೀಯ?"

"ಬೇರೆಯೋರ್ದು!"

ಹಸಿದು ಹಸಿದು ದೇವೀರಮ್ಮ ಎಚ್ಚರ ತಪ್ಪಿದಳು. ಬೋರಮ್ಮತ್ತೆಯೇ ಆಟೋ ಕರೆದು ಆಸ್ಪತ್ರೆಗೆ ಹಾಕಿದಳು. ನರ್ಸಮ್ಮ ಮತ್ತೆ ಬೈದಳು. "ನಿನ್ನ ತಲೇಲಿ ಏನಿದೆಯೋ! ಅವರಿಗೆ ಒಂಚೂರು ಏನಾದರೂ ಆದರೆ ಸುಮ್ಮನೆ ಕೂರಬೇಡ, ಜನ ಕರಿ! ಕೂಗಿ ಕರಿ!"

"ಕೂಗಿ ಕರೀತೀನಿ!" ಅಂದ ಪುಟ್ಮಾದ.

ಮನೆಗೆ ಬಂದ ಮಾರನೇ ಬೆಳಗ್ಗೆ ದೇವೀರಮ್ಮ ಸೀನಿದಳು. ಇವನು ತಟ್ಟೆ ಹಿಡಿದು ಸೌಟಿನಲ್ಲಿ ಬಡಿಯುತ್ತಾ ಬೀದಿಗೆ ಬಿದ್ದ. "ಬನ್ನಿ! ಬನ್ನಿ! ನಮ್ಮವ್ವಂಗೆ ಏನೋ ಆಯ್ತು!" ಬೀದಿಗೆ ಬೀದಿಯೇ ಬಂತು. ಕೆಮ್ಮುವವರು ಬಂದರು, ಮೂಗು ಸೋರುವ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡವರು ಬಂದರು. ಒಬ್ಬ ಹಾರ ತಂದ. ಇನ್ನೊಬ್ಬ ಚಟ್ಟ ಕಟ್ಟಲು ಬಿದಿರನ್ನೇ ತಂದ.

"ಇನ್ನೂ ಇವ್ನಿ ಕಣ್ರಪ್ಪಾ," ಅಂದಳು ದೇವೀರಮ್ಮ.

ಆದರೆ ಜ್ವರ ಹತ್ತಿತು. ಆಸ್ಪತ್ರೆಯಲ್ಲಿ ಬದುಕಿದ್ದೇ ಹೆಚ್ಚು. ಮನೆಗೆ ಬಿಡಲು ಈ ಸಲ ನರ್ಸಮ್ಮನೇ ಜೊತೆಗೆ ಬಂದಳು. ಪರೀಕ್ಷೆಗೆ ರಕ್ತ ತೆಗೆದುಕೊಂಡಳು, ಆಮೇಲೆ ಪುಟ್ಮಾದನ ಕಿವಿ ಹಿಂಡಿದಳು. "ಇವರ ಮೈಯಲ್ಲಿ ತಡೆಯೋ ಶಕ್ತಿ ಇಲ್ಲ ಕಣೋ! ಬಾಗಿಲು ಹಾಕ್ಕೋ. ನಾನು ಬರೋ ತನಕ ಯಾರು ಕರೆದರೂ ತೆಗೀಬೇಡ. ಮಲಗಿದ್ದಾಗ ಹತ್ತಿರ ಹೋಗಬೇಡ, ಮುಟ್ಟಬೇಡ!" ಬೀದಿಯವರಿಗೂ ಹೇಳಿದಳು. "ನೀವೂ ಅಷ್ಟೇ. ಈ ಮನೆ ಕಡೆ ಸುಳೀಬೇಡಿ!"

"ತೆಗಿಯಕಿಲ್ಲ!" ಅಂದ ಪುಟ್ಮಾದ.

ಆವತ್ತು ಮುಸ್ಸಂಜೆ ಮಳೆ ಹಿಡಿಯಿತು. ಮಗ ಮುಂಬಾಗಿಲಿಗೆ ಒರಗಿ ಕಾವಲು ಕೂತಿದ್ದ. ದೇವೀರಮ್ಮ ಮೆಲ್ಲಗೆ ಎದ್ದು ಹಿತ್ತಲ ಬಚ್ಚಲಿಗೆ ಹೋದಳು. ಗಾಳಿಗೆ ಹಿತ್ತಲ ಬಾಗಿಲು ಬಡಿದುಕೊಂಡಿತು. ಪುಟ್ಮಾದ ಓಡಿ ಬಂದ. ಅಯ್ಯಯ್ಯೋ, ಬಾಗಿಲು ತೆಗೆದಿದೆ! ದಡಾರನೆ ಹಾಕಿ ಚಿಲಕ ಜಡಿದ. ಮಂಚದ ಮೇಲೆ ಕಂಬಳಿ ಉಬ್ಬಿಕೊಂಡಿತ್ತು. ಹತ್ತಿರ ಹೋಗಬೇಡ ಅಂದಿದ್ದಾರಲ್ಲ, ಹೋಗಲಿಲ್ಲ.

"ಪುಟ್ಮಾದಾ, ಬಾಗ್ಲು ತಗಿಯೋ."

ಅವ್ವನ ದನಿ! ಪುಟ್ಮಾದ ಚಿಲಕವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ಆ ಬೀದಿಯಲ್ಲಿ ಹಿಂದೆ ಎಲ್ಲ ಬಾಗಿಲ ಮೇಲೂ ಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆಯುತ್ತಿದ್ದರು. ದೆವ್ವ ಬಂದು ಕರೆದರೆ ಓದಿಕೊಂಡು ವಾಪಸ್ ಹೋಗಲಿ ಅಂತ. ಚಿಕ್ಕಂದಿನಲ್ಲಿ ದೇವೀರಮ್ಮನೇ ತೊಡೆ ಮೇಲೆ ಮಲಗಿಸಿಕೊಂಡು ಹೇಳಿದ್ದಳು, ಅದು ಹೆತ್ತವ್ವನ ದನೀಲೇ ಕರೀತದೆ ಮಗಾ, ತೆಗೀಬೇಡ ಅಂತ.

"ನಾಳೆ ಬಾ!" ಅಂತ ಕೂಗಿದ ಪುಟ್ಮಾದ.

"ನಾನು ಕಣ್ಲಾ, ನಿಮ್ಮವ್ವ! ಚಳಿ ಆಯ್ತದೆ ಕಣೋ!"

"ನಮ್ಮವ್ವ ಮಲಗವ್ಳೆ! ನಿನ್ನ ಬಿಟ್ರೆ ಅವ್ಳಿಗೆ ಜ್ವರ ಬತ್ತದೆ! ನಾಳೆ ಬಾ!"

ಅವಳು ಕರೆದಳು. ಇವನು ನಾಳೆ ಬಾ ಅಂದ. ಬೀದಿಯವರಿಗೂ ದನಿ ಕೇಳಿಸಿತು. ಸುಳೀಬೇಡಿ ಅಂದಿದ್ದಾರಲ್ಲ ಅಂತ ಹೊದ್ದುಕೊಂಡು ಮಲಗಿದರು. ಬಲು ಬುದ್ಧಿವಂತರಪ್ಪ, ಆ ಬೀದಿಯವರು! ಕರೆಯುವ ದನಿ ಸಣ್ಣಗಾಯಿತು, ಆಮೇಲೆ ನಿಂತೇ ಹೋಯಿತು. ದೆವ್ವ ಹೋಯಿತು ಅಂತ ಪುಟ್ಮಾದನಿಗೆ ಸಮಾಧಾನವಾಯಿತು.

ಬೆಳಗ್ಗೆ ನರ್ಸಮ್ಮ ಬಂದಳು. ಮುಖದ ತುಂಬ ನಗು. "ತೆಗಿಯೋ ಪುಟ್ಮಾದಾ! ನಿಮ್ಮವ್ವನ ರಕ್ತದಲ್ಲಿ ಕಾಯಿಲೆ ಕಾಣ್ತಾನೇ ಇಲ್ಲ! ಮಾತ್ರೆ ಹಿಡೀತು!"

ಪುಟ್ಮಾದ ತೆಗೆದ. "ಮೆಲ್ಲಗೆ ಮಾತಾಡಿ. ಅವ್ವ ಮಲಗವ್ಳೆ."

ನರ್ಸಮ್ಮ ಕಂಬಳಿ ಎತ್ತಿದಳು. ದಿಂಬು ಇತ್ತು. ಓಡಿ ಹೋಗಿ ಹಿತ್ತಲ ಬಾಗಿಲು ತೆಗೆದಳು. ಮೆಟ್ಟಿಲ ಮೇಲೆ ಬಾಗಿಲಿಗೆ ಒರಗಿ ಕೂತಿದ್ದ ದೇವೀರಮ್ಮ ಹಾಗೇ ಒಳಕ್ಕೆ ವಾಲಿದಳು. ಮೈ ತಣ್ಣಗಿತ್ತು.

ಪುಟ್ಮಾದ ಬೈಸಿಕೊಳ್ಳಲು ತಲೆ ಬಗ್ಗಿಸಿ ನಿಂತ. ನರ್ಸಮ್ಮ ಬೈಯಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅಲ್ಲೇ ಕುಸಿದಳು. ಬೈಯಲಿಲ್ಲ ಅಂದ ಮೇಲೆ ಈ ಸಲ ಸರಿಯಾಗಿ ಮಾಡಿದ್ದೇನೆ ಅಂತ ಅವನಿಗೆ ಖುಷಿಯಾಯಿತು. ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತು ಭುಜ ಅಲುಗಿಸಿದ.

"ಅವ್ವಾ, ವಾಸಿ ಆಯ್ತಂತೆ. ಎದ್ದೇಳವ್ವ. ನಾಳೆ ಆಯ್ತು ಕಣವ್ವ, ಒಳಕ್ಕೆ ಬಾ."