ಉದುರುವ ಮೊದಲು

"ಒಂದು ಜಾಗ ನಮ್ಮ ಶ್ರಮಕ್ಕೆ ತಕ್ಕದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ, ಬುದ್ಧಿ?"

ಕೇಳಿದವನು ಶಿಷ್ಯ ಚನ್ನವೀರ. ಕಲ್ಲು ಒಡೆಯುವವರ ಕೇರಿಯಲ್ಲಿ ಮಠ ಹೊಸದಾಗಿ ತೆರೆದಿದ್ದ ಶಾಲೆಯನ್ನು ನೋಡಿ ಅವನು ಆಗತಾನೇ ಮರಳಿದ್ದ. ಅಲ್ಲಿ ಒಂದು ಮಗುವಿಗೂ ಓದಲು ಬರುವುದಿಲ್ಲ, ಶಾಲೆ ಮುಚ್ಚುವುದೇ ಒಳ್ಳೆಯದು ಎಂದು ಬರೆದು ತಂದಿದ್ದ. ಗುರುಗಳು ಆ ಕಾಗದವನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕತೆ ಹೇಳಿದರು.

ಕರಾವಳಿಯ ಒಬ್ಬ ವ್ಯಾಪಾರಿಗೆ ಗೇರುಬೀಜದ ಕಾರ್ಖಾನೆ ಇತ್ತು. ಊರಿನ ಬೀಜ ಸಾಲದೆ ಅವನು ಹೊರದೇಶದಿಂದ ಹಡಗಿನಲ್ಲಿ ತರಿಸುತ್ತಿದ್ದ. ಪಶ್ಚಿಮ ಆಫ್ರಿಕಾದ ಒಂದು ಬಡ ದೇಶದ ಹೆಸರನ್ನು ಯಾರೋ ಅವನ ಕಿವಿಗೆ ಹಾಕಿದರು. ಅವನು ತನ್ನ ನಂಬಿಕೆಯ ಪರೀಕ್ಷಕನನ್ನು ಕರೆದ. ಬೀಜ ಕತ್ತರಿಸಿ, ತಿರುಳು ನೋಡಿ, ಒಂದು ನೆಲದ ಹಣೆಬರಹ ಹೇಳುವುದರಲ್ಲಿ ಈತನನ್ನು ಮೀರಿಸುವವರಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಆ ಹೆಮ್ಮೆ ಅವನಿಗೂ ಇತ್ತು, ಇರಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು.

"ಬೇರೆಯವರು ಕಾಲಿಡುವ ಮೊದಲು ನೀನು ಅಲ್ಲಿರಬೇಕು," ಎಂದ ವ್ಯಾಪಾರಿ. "ಎಂಟು ದಿನದೊಳಗೆ ಹೌದೋ ಅಲ್ಲವೋ ತಿಳಿಸಿಬಿಡು."

ಆ ದೇಶದ ಒಂದು ಹಳ್ಳಿಗೆ ಸುದ್ದಿ ಮುಟ್ಟಿತು. ಅಲ್ಲಿಯವರೆಗೆ ಅವರಿಗೆ ದಲ್ಲಾಳಿ ಹೇಳಿದ್ದೇ ಬೆಲೆ. ಕೊಳ್ಳುವವನ ಕಡೆಯವನೇ ನೇರವಾಗಿ ಅಂಗಳಕ್ಕೆ ಬರುವುದು ಅದೇ ಮೊದಲು. ಬಂದವನು ಒಪ್ಪಿದರೆ ದಲ್ಲಾಳಿಯ ಹಂಗು ತಪ್ಪುತ್ತಿತ್ತು.

ಪರೀಕ್ಷಕ ಹೋದಾಗ ಹತ್ತು ಮೂಟೆಗಳು ಸಾಲಾಗಿ ಕಾದಿದ್ದವು. ಬೀಜ ಬಿಸಿಲಿಗೆ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು. ಅವನು ಯಾರನ್ನೂ ಏನೂ ಕೇಳಲಿಲ್ಲ. ಜನರ ಮಾತಿಗಿಂತ ತಿರುಳನ್ನೇ ನಂಬುವವನು ಅವನು. ಪ್ರತಿ ಮೂಟೆಯ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಕತ್ತರಿ ಹಿಡಿದು ಕುಳಿತ. ಊರಿಗೆ ಊರೇ ಸುತ್ತ ನಿಂತಿತು.

ಮೊದಲ ತಿರುಳು ಸುಕ್ಕುಗಟ್ಟಿತ್ತು. ಎರಡನೆಯದೂ ಹಾಗೆಯೇ. ಹತ್ತಾಗುವಷ್ಟರಲ್ಲಿ ಹರಟುತ್ತಿದ್ದವರು ಸುಮ್ಮನಾದರು. ಐವತ್ತಾಗುವಷ್ಟರಲ್ಲಿ ಅವನಿಗೂ ಸಂಕಟವಾಯಿತು. ಒಳ್ಳೆಯದು ಸಿಕ್ಕೀತೆಂದು ಮತ್ತೆ ನೂರು ಕತ್ತರಿಸಿದ. ಜೊಳ್ಳಿನ ರಾಶಿಯೇ ಬೆಳೆಯಿತು. ಎದುರಿಗೆ ನಿಂತಿದ್ದ ಒಬ್ಬ ಮುದುಕಿಯ ಮುಖ ನೋಡಲಾರದೆ ಅವನು ಎದ್ದು ಆಚೆ ಹೋಗಿ ವ್ಯಾಪಾರಿಗೆ ಫೋನು ಮಾಡಿದ. ಈ ನೆಲದಲ್ಲಿ ಹುರುಳಿಲ್ಲ, ಬೇರೆ ಕಡೆ ನೋಡಿ ಎಂದ.

ಮರುದಿನ ಅವನು ಹೊರಡುವಾಗ ಅದೇ ಮುದುಕಿ ಕಾರಿನ ಕಿಟಕಿಯೊಳಗೆ ಒಂದು ಸಣ್ಣ ಗಂಟು ತೂರಿಸಿ ಏನೋ ಹೇಳಿದಳು.

ಚಾಲಕ ಅವಳ ಮಾತು ತಿಳಿಸಿದ. "ಮನೆ ಮುಂದಿನ ಮರ ಎಲ್ಲಕ್ಕಿಂತ ಮೊದಲು ಹಣ್ಣಾಗುತ್ತದಂತೆ. ಇವು ತಾವಾಗಿ ಉದುರಿದ ಬೀಜ. ದಾರಿಯಲ್ಲಿ ಸುಟ್ಟು ತಿನ್ನಿ ಅನ್ನುತ್ತಾಳೆ."

"ಮತ್ತೆ ಮೂಟೆಯಲ್ಲಿದ್ದವು?"

"ಅವು ಉದುರಲು ಇನ್ನೂ ಇಪ್ಪತ್ತು ದಿನ ಬೇಕಿತ್ತು. ನೀವು ಬರುತ್ತೀರೆಂದು ಮರ ಹತ್ತಿ ಕೊಯ್ದರು. ಅಷ್ಟು ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಲಾಗುತ್ತದೆಯೇ?"

ಪರೀಕ್ಷಕ ಚೀಲದಿಂದ ಕತ್ತರಿ ತೆಗೆದ. ಗಂಟು ಬಿಚ್ಚಿ ಒಂದು ಬೀಜ ಕತ್ತರಿಸಿದ. ತಿರುಳು ಚಿಪ್ಪಿನ ತುಂಬ ಬೆಳ್ಳಗಿತ್ತು. ಗಂಟಿನಲ್ಲಿದ್ದ ಎಲ್ಲವೂ ಹಾಗೆಯೇ ಇದ್ದವು. ಕೂಡಲೇ ವ್ಯಾಪಾರಿಗೆ ಮತ್ತೆ ಫೋನು ಮಾಡಿ ನಡೆದದ್ದು ಹೇಳಿದ.

"ಬೇರೆ ದೇಶದವರಿಗೆ ಮಾತು ಕೊಟ್ಟಾಯಿತು ಮಾರಾಯ," ಎಂದ ವ್ಯಾಪಾರಿ. "ಅಲ್ಲಿಯ ಬೀಜ ಜೊಳ್ಳೆಂದು ಪೇಟೆಯವರಿಗೂ ಹೇಳಿಬಿಟ್ಟೆ. ಒಂದು ಹಿಡಿ ಬೀಜಕ್ಕಾಗಿ ನಿನ್ನ ಇಪ್ಪತ್ತು ವರ್ಷದ ಮಾತನ್ನು ನಾನೇ ಸುಳ್ಳು ಮಾಡಲೋ?"

ಇಪ್ಪತ್ತು ದಿನ ಕಳೆಯಿತು. ಮರದಲ್ಲಿ ಉಳಿದಿದ್ದ ಬೀಜವೆಲ್ಲ ಬಲಿತು ತಾನಾಗಿ ಉದುರಿತು. ಕೊಳ್ಳಲು ಬಂದವನು ಹಳೆಯ ದಲ್ಲಾಳಿಯೊಬ್ಬನೇ.

ಕತೆ ಅಲ್ಲಿಗೆ ನಿಂತಿತು. ಚನ್ನವೀರನಿಗೆ ತಡೆಯಲಾಗಲಿಲ್ಲ. "ಪರೀಕ್ಷಕನದೇನು ತಪ್ಪು, ಬುದ್ಧಿ? ಅವನು ಕತ್ತರಿಸಿದ್ದು ಜೊಳ್ಳೇ ಅಲ್ಲವೇ?"

ಗುರುಗಳು ಬಿಚ್ಚದ ಕಾಗದವನ್ನು ಅವನ ಕಡೆ ಚಾಚಿದರು.

"ಶಾಲೆ ತೆರೆದ ಎಷ್ಟನೆಯ ದಿನ ನೀನು ಆ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಓದಿ ಎಂದೆ?"