ಹಲಸಿನ ಹಿಡಿ

ಕೋವಿ ಮಾಡುವ ಅಯ್ಯಣ್ಣಾಚಾರಿಯವರ ಕುಲುಮೆ ಹೊಳೆದಂಡೆಯ ಮೇಲಿತ್ತು. ಆನೆ ಬೇಟೆಗೆ ಕಾನೂನು ಇನ್ನೂ ಅಡ್ಡ ಬರದ ಕಾಲ.

ಆಚಾರಿಯವರ ಬಲ ಹೆಗಲಲ್ಲಿ ಅಂಗೈಯಗಲದ ಒಂದು ಕಪ್ಪು ಕಲೆ. ಅವರು ಹೊಳೆಯಲ್ಲಿ ಮೀಯುವಾಗ ಶಿಷ್ಯ ಚೆಂಗಪ್ಪ ಒಂಬತ್ತು ವರ್ಷ ಅದನ್ನು ನೋಡಿದ್ದ. ಕುಲುಮೆಯ ಸುಟ್ಟ ಗಾಯ ಇರಬೇಕು ಅಂದುಕೊಂಡಿದ್ದ. ಕೇಳಿರಲಿಲ್ಲ.

ಅವನು ಕೇಳಿದ್ದು ಬೇರೆ.

“ಗುರುಗಳೇ, ನನಗೆ ಮುದ್ರೆ ಯಾವಾಗ?”

ಮುದ್ರೆ ಅಂದರೆ ಬೆರಳುದ್ದದ ಒಂದು ಉಕ್ಕಿನ ಅಚ್ಚು. ಕೋವಿಯ ನಳಿಕೆಯ ಮೇಲಿಟ್ಟು ಒಂದು ಏಟು ಹಾಕಿದರೆ ನವಿಲು ಮೂಡುತ್ತದೆ. ನವಿಲಿದ್ದ ಕೋವಿಯನ್ನು ಬೇಟೆಗಾರರು ತಿರುಗಿಸಿ ನೋಡದೆ ಒಯ್ಯುತ್ತಿದ್ದರು. ಅದನ್ನು ಹೊಡೆಯುವ ಹಕ್ಕು ಸಿಕ್ಕ ಶಿಷ್ಯ ಎಲ್ಲಿ ಬೇಕಾದರೂ ಸ್ವಂತ ಕುಲುಮೆ ಹೂಡಬಹುದು.

“ಯಾರೂ ಮಾಡದ ಕೋವಿ ಒಂದು ಮಾಡು. ಆಮೇಲೆ ಮಾತಾಡೋಣ,” ಅಂದರು ಆಚಾರಿ.

ಅದೇ ವಾರ ಶಿಕಾರಿ ಮುದ್ದಯ್ಯನವರು ಬಂದರು. ಆರಡಿ ಮೀರಿದ ಆಳು, ಉದ್ದ ತೋಳು. ಕಾಡಂಚಿನ ಊರುಗಳಲ್ಲಿ ಒಂದು ಒಂಟಿಸಲಗ ಮೂವರನ್ನು ತುಳಿದಿತ್ತು. ಅದನ್ನು ಹೊಡೆಯುವ ಹೊಣೆ ಅವರ ಮೇಲೆ ಬಿದ್ದಿತ್ತು.

“ಮೊದಲನೇ ಗುಂಡು ತಗುಲಿದ ಕೂಡ್ಲೇ ಅದು ನನ್ನ ಮೇಲೆ ಬರುತ್ತೆ, ಆಚಾರ್ರೇ. ಆಗ ಹೊಸ ತೋಟೆ ಹಾಕೋಕೆ ಬೋಲ್ಟ್ ಎಳೀತಾ ಕೂತ್ರೆ ನಾನು ನಾಲ್ಕನೆಯವನು. ತಾನೇ ಬಾಯಿ ತೆರೆದು, ಖಾಲಿ ತೋಟೆ ಉಗಿದು, ಹೊಸದನ್ನು ತಾನೇ ನುಂಗೋ ಕೋವಿ ಬೇಕು.”

“ಪೇಟೆಯಲ್ಲಿ ಸಿಗುತ್ತಲ್ಲ?”

“ಜಿಂಕೆ ಹೊಡೆಯೋ ಸಣ್ಣ ಗುಂಡಿನವು ಸಿಗ್ತವೆ. ನನಗೆ ಬೇಕಾದ್ದು ಹೆಬ್ಬೆರಳ ದಪ್ಪದ ಗುಂಡು. ಆ ಅಳತೆಯ ತೋಟೆಯೇ ಯಾವ ಅಂಗಡಿಯಲ್ಲೂ ಇಲ್ಲ.”

“ತೋಟೆಯನ್ನೂ ನಾನೇ ಮಾಡ್ತೀನಿ, ಕೋವಿಯನ್ನೂ ನಾನೇ ಮಾಡ್ತೀನಿ,” ಅಂದ ಚೆಂಗಪ್ಪ.

ಆಚಾರಿ ಅವನನ್ನು ನೋಡಿದರು.

“ಅಂಥ ಗುಂಡು ಎಷ್ಟು ಜೋರಾಗಿ ಮುಂದಕ್ಕೆ ಹೋಗುತ್ತೋ ಅಷ್ಟೇ ಜೋರಾಗಿ ಹಿಂದಕ್ಕೂ ಒದೆಯುತ್ತೆ. ಅದನ್ನ ತಡ್ಕೊಳ್ಳೋದು ಯಾರು?”

“ನಳಿಕೆಯ ಹಿಂಬಾಯಿ ಮುಚ್ಚೋ ಬೋಲ್ಟು, ಗುರುಗಳೇ.”

“ಸರಿ. ಮಾಡು,” ಅಂದರು ಆಚಾರಿ, ನಗುತ್ತ.

ಚೆಂಗಪ್ಪ ನಾಲ್ಕು ತಿಂಗಳು ತಲೆ ಎತ್ತಲಿಲ್ಲ.

ಆ ಕುಲುಮೆಯಲ್ಲಿ ಒಂದು ರೂಢಿ ಇತ್ತು. ಹೊಸ ಕೋವಿಗೆ, ಹೆಗಲಿಗೆ ಆನಿಸುವ ಮರದ ಹಿಡಿ ಎರಡು. ಮೊದಲನೆಯದು ಹಲಸಿನ ಮರದ್ದು, ಮಾಡಿದವನ ತೋಳಿನ ಅಳತೆಗೆ. ಅದನ್ನು ಹಾಕಿಕೊಂಡು ಮಾಡಿದವನೇ ಕೆನ್ನೆ ಕೊಟ್ಟು ಐದು ಗುಂಡು ಹೊಡೆಯಬೇಕು. ಆಮೇಲೆ ಹಲಸಿನದು ಒಲೆಗೆ. ಗಿರಾಕಿಯ ಅಳತೆಗೆ ಬೀಟೆಮರದ ಇನ್ನೊಂದು ಹಿಡಿ.

ಮುದ್ದಯ್ಯನವರು ಕೋವಿ ಒಯ್ಯಲು ಬಂದ ದಿನ ಚೆಂಗಪ್ಪ ಅದನ್ನು ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟ. ಬೀಟೆಮರದ ಹಿಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

“ಅಬ್ಬಾ! ಇದನ್ನ ನೋಡಿದ್ರೆ ಆನೆ ತಾನೇ ಬಂದು ಶರಣಾಗುತ್ತೆ,” ಅಂದರು ಮುದ್ದಯ್ಯ.

ಆಚಾರಿ ನಳಿಕೆ ನೋಡಲಿಲ್ಲ. ಬೋಲ್ಟ್ ಎಳೆಯಲಿಲ್ಲ. ಹಿಡಿಯನ್ನೇ ಸವರಿದರು.

“ಹಲಸಿನದು ಎಲ್ಲಿ?”

“ಅದು ಬೇಡ ಅನ್ನಿಸ್ತು, ಗುರುಗಳೇ. ದಿಮ್ಮಿಗೆ ಬಿಗಿದು, ಗೋಡೆ ಹಿಂದೆ ನಿಂತು, ಹಗ್ಗ ಎಳೆದು ಇಪ್ಪತ್ತು ಗುಂಡು ಹಾರಿಸಿದ್ದೀನಿ. ಒಂದೂ ಸಿಕ್ಕಿಕೊಳ್ಳಲಿಲ್ಲ.”

“ಹಗ್ಗಕ್ಕೆ ಕೆನ್ನೆ ಇದೆಯೇನೋ?”

ಚೆಂಗಪ್ಪ ನಕ್ಕ. ಮುದ್ದಯ್ಯನವರೂ ನಕ್ಕರು. ಆಚಾರಿ ನಗಲಿಲ್ಲ. ಐದು ತೋಟೆ ತುಂಬಿದರು. ಕೋವಿ ಎತ್ತಿಕೊಂಡು ಹೊಳೆಯ ಕಡೆ ನಡೆದರು. ಆಚೆ ದಡದ ಮಣ್ಣುಗುಡ್ಡೆಯೇ ಅವರ ಗುರಿ.

“ಗುರುಗಳೇ, ಆ ಹಿಡಿ ನಿಮಗೆ ಉದ್ದ ಆಗುತ್ತೆ.”

“ಆಗಲಿ.”

“ನಿಮಗೆ ಎಪ್ಪತ್ತಾಯ್ತು. ಇದರ ಒದೆತ ಸಾಮಾನ್ಯದ್ದಲ್ಲ.”

“ಒದೀಲಿ. ಬೋಲ್ಟು ತಡ್ಕೊಳ್ಳುತ್ತೆ ಅಂದಿದ್ಯಲ್ಲ.”

ಆಚಾರಿ ಕೋವಿಯನ್ನು ಹೆಗಲಿಗೆ ಕೊಟ್ಟರು. ಕತ್ತು ಚಾಚಿ ಹಿಡಿಯ ಮೇಲೆ ಕೆನ್ನೆ ಇಟ್ಟರು. ಬಿಳಿ ಗಡ್ಡ ಬೋಲ್ಟಿಗೆ ತಾಗುತ್ತಿತ್ತು. ಬೆರಳು ಟ್ರಿಗರ್ ಮೇಲೆ ಹೋಯಿತು.

“ಬೇಡ!”

ಚೆಂಗಪ್ಪ ಓಡಿ ಬಂದು ಗುರುವಿನ ಮಣಿಕಟ್ಟು ಹಿಡಿದುಕೊಂಡಿದ್ದ. 

“ಯಾಕೋ?”

“ಬೋಲ್ಟನ್ನ ಬಿಗಿಹಿಡಿಯೋ ಒಂದು ಹಲ್ಲಿನಲ್ಲಿ ಬಿರುಕಿದೆ. ಅದು ಮುರಿದ್ರೆ ಬೋಲ್ಟು ಮುಖಕ್ಕೇ ಹಾರುತ್ತೆ.”

“ಎಷ್ಟು?”

“ಕೂದಲೆಳೆಯಷ್ಟು. ಏಳನೇ ಗುಂಡಿಗೆ ಕಾಣಿಸ್ತು. ಅರ ಹಾಕಿ ಉಜ್ಜಿದೆ. ಆಮೇಲೆ ಕಾಣಿಸಲಿಲ್ಲ. ಹದಿಮೂರು ಗುಂಡು ಹೋಯ್ತು, ಏನೂ ಆಗಲಿಲ್ಲ. ಅದಕ್ಕೇ...”

“ಅದಕ್ಕೇ ಹಲಸಿನ ಹಿಡಿ ಕೆತ್ತಲಿಲ್ಲ.”

ಚೆಂಗಪ್ಪ ತಲೆ ತಗ್ಗಿಸಿದ.

ಮುದ್ದಯ್ಯನವರು ಮೆಲ್ಲಗೆ ಹತ್ತಿರ ಬಂದರು.

“ಅಲ್ಲಯ್ಯಾ, ಗುರುಗಳ ಮುಖ ಹೋಗುತ್ತೆ ಅಂದಾಗ ಓಡಿ ಬಂದೆ. ನನ್ನ ಮುಖ ಅಷ್ಟೇನೂ ಚೆಂದ ಇಲ್ಲ, ಒಪ್ಪಿದೆ. ಆದ್ರೆ ಮನೆಯವಳಿಗೆ ಅದೇ ಗುರುತು ಕಣೋ.”

 ಆಚಾರಿ ತೋಟೆಗಳನ್ನು ತೆಗೆದು ಕೋವಿಯನ್ನು ಅವನ ಕೈಗಿಟ್ಟರು.

ಅವನು ಒಳಗೆ ಹೋದ. ಬೋಲ್ಟ್ ಬಿಚ್ಚಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟ. ದೊಡ್ಡ ಸುತ್ತಿಗೆ ಎತ್ತಿದ. ಮೂರನೇ ಏಟಿಗೆ ಆ ಹಲ್ಲು ಹಾರಿ ಗೋಡೆಗೆ ಬಡಿಯಿತು.

“ನನಗೆ ಇನ್ನೊಂದು ತಿಂಗಳು ಬೇಕು,” ಅಂದ, ಹೊರಗೆ ಬಂದು.

“ಆನೆ ಕಾಯುತ್ತಾ?” ಅಂದರು ಮುದ್ದಯ್ಯ.

“ಕಾಯಲ್ಲ. ಅಲ್ಲೀತನಕ ನನ್ನ ಜೋಡುನಳಿಕೆ ಕೋವಿ ಒಯ್ಯಿರಿ,” ಅಂದರು ಆಚಾರಿ. “ಎರಡೇ ಗುಂಡು. ಎರಡೂ ನಂಬಿಕಸ್ತ ಗುಂಡು. ಆನೆ ಹತ್ತಿರ ಬರೋ ಮೊದಲು ಮರ ಒಂದು ನೋಡ್ಕೊಂಡಿರಿ.”

ತಿಂಗಳು ತುಂಬುವುದಕ್ಕೆ ಎರಡು ದಿನ ಮುಂಚೆ ಚೆಂಗಪ್ಪ ಕೋವಿ ಹಿಡಿದು ಹೊಳೆಗೆ ಇಳಿದ. ಹೊಸ ಬೋಲ್ಟು. ಹಿಡಿ ಹಲಸಿನದು, ಹಳದಿ, ಗಿಡ್ಡ, ಅವನ ತೋಳಿಗೆ ತಕ್ಕದ್ದು. ಮುದ್ದಯ್ಯನವರು ದಂಡೆಯ ಬಂಡೆಯ ಮೇಲೆ ಕೂತಿದ್ದರು. ಸಲಗ ಇನ್ನೂ ಓಡಾಡುತ್ತಿತ್ತು. ಅವರು ಎರಡು ಸಲ ಮರ ಹತ್ತಿದ್ದರು.

ಚೆಂಗಪ್ಪ ಕೆನ್ನೆ ಇಟ್ಟ. 

ಮೊದಲ ಗುಂಡಿಗೆ ಹೊಳೆಯ ಹಕ್ಕಿಗಳೆಲ್ಲ ಎದ್ದವು. ಖಾಲಿ ತೋಟೆ ಹಾರಿ ನೀರಿಗೆ ಬಿತ್ತು. ಕೋವಿ ತಾನೇ ಬಾಯಿ ಮುಚ್ಚಿಕೊಂಡಿತು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಅವನು ಒಂದು ಹೆಜ್ಜೆ ಹಿಂದೆ ಸರಿದ. ಐದನೆಯದಕ್ಕೆ ಮರಳಲ್ಲಿ ಕುಂಡಿ ಊರಿ ಕೂತೇಬಿಟ್ಟ. ಕೂತಲ್ಲೇ ಗಟ್ಟಿಯಾಗಿ ನಕ್ಕ.

ಬೋಲ್ಟ್ ಬಿಚ್ಚಿ ಬಿಸಿಲಿಗೆ ಹಿಡಿದ. ಹಲ್ಲುಗಳನ್ನು ಒಂದೊಂದಾಗಿ ಉಗುರಿನಿಂದ ಗೀರಿ ನೋಡಿದ. ಗುರುವಿಗೆ ಕೊಟ್ಟ. ಗುರು ನೋಡಿ ಮುದ್ದಯ್ಯನವರಿಗೆ ಕೊಟ್ಟರು.

“ನನಗೇನು ತಿಳಿಯುತ್ತೆ?” ಅಂದರು ಮುದ್ದಯ್ಯ. “ಹೊಡೆದವನ ಮುಖ ಸರಿಯಾಗಿದೆ. ನನಗೆ ಅಷ್ಟು ಸಾಕು. ಬೀಟೆ ಹಿಡಿ ಹಾಕಿಕೊಡಿ, ನಾನು ಹೊರಡ್ತೀನಿ.”

ಚೆಂಗಪ್ಪ ಅಂಗಿ ಬಿಚ್ಚಿದ. ಬಲ ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಅಂಗೈಯಗಲ. ಅದನ್ನು ನೋಡಿಕೊಂಡ. ಆಮೇಲೆ ಗುರುವಿನ ಬರಿಯ ಹೆಗಲನ್ನು ನೋಡಿದ. ಅಲ್ಲೂ ಅದೇ ಅಳತೆಯ ಕಲೆ.

“ಗುರುಗಳೇ,” ಅಂದ ಕೊನೆಗೆ, “ಮುದ್ರೆ?”

ಅಯ್ಯಣ್ಣಾಚಾರಿ ಸೊಂಟದ ಚೀಲದಿಂದ ಉಕ್ಕಿನ ಅಚ್ಚು ತೆಗೆದು ಅವನ ಮಡಿಲಿಗೆ ಎಸೆದರು.

“ನಿನ್ನ ಹೆಗಲಿಗೆ ಬಿದ್ದಾಯ್ತು. ಇನ್ನು ಕೋವಿಗೂ ಒಂದು ಹೊಡಿ.”